ಒಂದೇ ಬಣ್ಣ ಹಿಡಿಯಿರಿ, ಆಳಕ್ಕೆ ಇಳಿಯಿರಿ: ಗಲ್ಫ್ ರೇಸ್ ಕಾರ್ ಕಲೆಕ್ಷನ್‌ಗೆ ಯಶಸ್ಸಿನ ಸೂತ್ರಗಳು

ತಿಳಿನೀಲಿ ಮೈ. ಮೂತಿಯಿಂದ ಬಾಲದವರೆಗೆ ಕಿತ್ತಳೆ ಪಟ್ಟೆ. ಬಿಳಿ ವೃತ್ತದೊಳಗೆ ಕಪ್ಪು ನಂಬರ್. ಗಲ್ಫ್ ಆಯಿಲ್ ಪ್ರಾಯೋಜಿಸಿದ ರೇಸ್ ಕಾರುಗಳ ಈ ಲಿವರಿಯನ್ನು ನೀವು ಗೇಮ್‌ನಲ್ಲಿ ನೋಡಿದ್ದೀರಿ, ರೀಲ್ಸ್‌ನಲ್ಲಿ ನೋಡಿದ್ದೀರಿ. ಬಳ್ಳಾರಿ–ಹಿರಿಯೂರು ಹೆದ್ದಾರಿಯಲ್ಲಿ ಓಡಾಡುವವರಾದರೆ ಸ್ಪೇರ್ ಪಾರ್ಟ್ಸ್ ಅಂಗಡಿಯ ಆಯಿಲ್ ಡಬ್ಬಿಯ ಮೇಲೂ ಅದೇ ಕಿತ್ತಳೆ ಬಿಲ್ಲೆ ನಿಮ್ಮ ಕಣ್ಣಿಗೆ ಬಿದ್ದಿರುತ್ತದೆ. ಇವತ್ತು ಆ ಬ್ರ್ಯಾಂಡ್ ಹಿಂದೂಜಾ ಸಮೂಹದ ಕೈಯಲ್ಲಿದೆ. ಈಗ ಆ ಕಾರುಗಳ ಸ್ಕೇಲ್ ಮಾಡೆಲ್ ಕೂಡಿಸುವ ಆಸೆ ಹುಟ್ಟಿದೆ. ಒಳ್ಳೆಯದು, ಶುರು ಮಾಡಿ.

‘ಇದೆಲ್ಲ ಬೆಂಗಳೂರಿನವರ ಹವ್ಯಾಸ, ಚಳ್ಳಕೆರೆ–ಮೊಳಕಾಲ್ಮುರಿನಲ್ಲಿ ಕೂತು ಆಗುವ ಮಾತಲ್ಲ’ ಎಂದು ಮನಸ್ಸು ಹಿಂದೆ ಎಳೆಯುತ್ತಿದೆಯೇ? ಅದು ಬರೀ ಅಭ್ಯಾಸ. ಅಭ್ಯಾಸವನ್ನು ಬದಲಿಸಬಹುದು. ಈ ಹವ್ಯಾಸದಲ್ಲಿ ದೊಡ್ಡ ಬಂಡವಾಳವೆಂದರೆ ತಿಳಿವಳಿಕೆ. ಅದು ನಿಮ್ಮ ಫೋನಿಗೂ ಬರುತ್ತದೆ, ನಿಮ್ಮ ತಾಲ್ಲೂಕು ಗ್ರಂಥಾಲಯದ ಮೇಜಿನ ಮೇಲೂ ಕೂರುತ್ತದೆ. ಕೆಳಗಿನ ಸೂತ್ರಗಳನ್ನು ಓದಿ. ಓದಿದ ದಿನವೇ ಒಂದನ್ನಾದರೂ ಜಾರಿಗೆ ತನ್ನಿ.

1. ಒಂದೇ ಲಿವರಿ ಆರಿಸಿ, ಉಳಿದವಕ್ಕೆ ಕೈ ಮುಗಿಯಿರಿ

ಕಂಡ ಕಾರನ್ನೆಲ್ಲ ಕೊಳ್ಳಬೇಡಿ. ಕಂಡದ್ದನ್ನೆಲ್ಲ ಕೊಂಡವನ ಮನೆಯಲ್ಲಿ ಡಬ್ಬಿಗಳು ಇರುತ್ತವೆ, ಕಲೆಕ್ಷನ್ ಇರುವುದಿಲ್ಲ. ಒಂದು ಪ್ರಾಯೋಜಕ ಕಂಪನಿಯ ಬಣ್ಣ ಹಿಡಿದರೆ ಏನು ಬೇಕು, ಏನು ಬೇಡ ಎಂಬುದು ತಾನಾಗಿ ಇತ್ಯರ್ಥವಾಗುತ್ತದೆ. ದುಡ್ಡು ಉಳಿಯುತ್ತದೆ, ಜ್ಞಾನ ಒಂದೇ ಕಡೆ ಗಟ್ಟಿಯಾಗುತ್ತದೆ.

ಹಾಗಾದರೆ ಗಲ್ಫ್ ಯಾಕೆ? ಮೊದಲ ಕಾರಣ, ಅದರ ಕಥೆ 1967ರಿಂದ ಇವತ್ತಿನವರೆಗೂ ಹರಿದು ಬಂದಿದೆ. ನೀವು ಕೂಡಿಸುತ್ತಾ ಹೋದಂತೆ ಹೊಸದು ಸೇರುತ್ತಲೇ ಇರುತ್ತದೆ. ಎರಡನೆಯದು ಪ್ರಾಕ್ಟಿಕಲ್. ಲೋಟಸ್‌ನ ಕಪ್ಪು–ಚಿನ್ನದ ಲಿವರಿಯಾಗಲಿ, ಮೆಕ್ಲಾರೆನ್‌ನ ಹಳೆಯ ಕೆಂಪು–ಬಿಳಿಯಾಗಲಿ ಸಿಗರೇಟು ಕಂಪನಿಗಳ ಬಣ್ಣ. ತಂಬಾಕು ಜಾಹೀರಾತಿನ ಮೇಲಿನ ನಿಷೇಧದಿಂದಾಗಿ ಎಷ್ಟೋ ಮಾಡೆಲ್‌ಗಳು ಆ ಹೆಸರಿಲ್ಲದೆ, ಬೋಳು ಬೋಳಾಗಿ ಮಾರುಕಟ್ಟೆಗೆ ಬರುತ್ತವೆ. ಎಂಜಿನ್ ಆಯಿಲ್ ಕಂಪನಿಗೆ ಆ ತೊಡಕಿಲ್ಲ. ಡಬ್ಬಿ ತೆರೆದರೆ ಕಾರು ಪೂರ್ತಿ ಇರುತ್ತದೆ.

ಕರ್ನಾಟಕದ್ದೇ ಬೇಕು ಎನ್ನುವವರಿಗೆ ಇನ್ನೊಂದು ದಾರಿ ಉಂಟು. ಬೆಂಗಳೂರಿನ ಕಿಂಗ್‌ಫಿಷರ್ ಹೆಸರು ಹೊತ್ತು 2008ರಿಂದ ಓಡಿದ ಫೋರ್ಸ್ ಇಂಡಿಯಾ ಫಾರ್ಮುಲಾ ಒನ್ ಕಾರುಗಳು. 2009ರ ಬೆಲ್ಜಿಯಂ ಗ್ರ್ಯಾಂಡ್ ಪ್ರಿಯಲ್ಲಿ ಜಿಯಾನ್‌ಕಾರ್ಲೊ ಫಿಸಿಕೆಲ್ಲಾ ಪೋಲ್ ಪೊಸಿಷನ್ ಹಿಡಿದು, ರೇಸ್‌ನಲ್ಲಿ ಎರಡನೆಯವನಾಗಿ ಬಂದದ್ದು ಆ ಕೇಸರಿ–ಬಿಳಿ–ಹಸಿರು ಕಾರಿನಲ್ಲೇ. ಅದು ಒಳ್ಳೆಯ ಕಲೆಕ್ಷನ್ ಆಗುತ್ತದೆ. ಆದರೆ ಎರಡರಲ್ಲಿ ಒಂದನ್ನೇ ಹಿಡಿಯಿರಿ. ನಾನು ಗಲ್ಫ್ ಕಡೆಯವನು. ಮುಂದಿನ ಮಾತೆಲ್ಲ ಅದರದೇ.

2. ಇತಿಹಾಸ ಮೊದಲು, ಪೇಮೆಂಟ್ ಆಮೇಲೆ

ಮೊದಲ ಕಾರು ಕೊಳ್ಳುವ ಮುಂಚೆ ಒಂದು ತಿಂಗಳು ಬರೀ ಓದಿ. ಕಥೆ ಗೊತ್ತಿಲ್ಲದವನಿಗೆ ಅಂಗಡಿಯವನು ಹೇಳಿದ್ದೇ ಬೆಲೆ.

ಕಥೆ ಹೀಗಿದೆ. ಅಮೆರಿಕದ ಗಲ್ಫ್ ಕಂಪನಿಯಲ್ಲಿ ಗ್ರೇಡಿ ಡೇವಿಸ್ ಎಂಬ ಹಿರಿಯ ಅಧಿಕಾರಿ ಇದ್ದರು, ರೇಸ್ ಹುಚ್ಚಿನವರು. ಇಂಗ್ಲೆಂಡಿನ ಸ್ಲೌನಲ್ಲಿ ಜಾನ್ ವಯರ್ ನಡೆಸುತ್ತಿದ್ದ ತಂಡಕ್ಕೆ ಅವರು ಗಲ್ಫ್‌ನ ದುಡ್ಡು ತಂದರು. ಗಲ್ಫ್‌ನ ಸ್ವಂತ ಬಣ್ಣ ಕಡುನೀಲಿ ಮತ್ತು ಕಿತ್ತಳೆ. ಆದರೆ ಅದು ಕೊಂಡುಕೊಂಡಿದ್ದ ಕ್ಯಾಲಿಫೋರ್ನಿಯಾದ ವಿಲ್‌ಶೈರ್ ಆಯಿಲ್ ಕಂಪನಿಯ ಬಣ್ಣ ತಿಳಿನೀಲಿ. ಟ್ರ್ಯಾಕ್ ಮೇಲೆ ಅದೇ ಚೆನ್ನಾಗಿ ಎದ್ದು ಕಾಣುತ್ತದೆ ಎಂದು ಡೇವಿಸ್ ಆರಿಸಿದರು. 1967ರಲ್ಲಿ ಮಿರಾಜ್ ಎಂ1 ಎಂಬ ಕಾರು ಈ ಬಣ್ಣ ತೊಟ್ಟು ಬೆಲ್ಜಿಯಂನ ಸ್ಪಾದಲ್ಲಿ 1000 ಕಿಲೊಮೀಟರ್ ರೇಸ್ ಗೆದ್ದಿತು. ಓಡಿಸಿದವರು ಜ್ಯಾಕಿ ಇಕ್ಸ್ ಮತ್ತು ಡಿಕ್ ಥಾಂಪ್ಸನ್.

ಅಲ್ಲಿಂದ ಮುಂದಿನದು ನಿಮಗೆ ಬಾಯಿಪಾಠ ಆಗಬೇಕು. 1968ರಲ್ಲಿ ಫ್ರಾನ್ಸಿನ ಗಲಭೆಯಿಂದಾಗಿ ಲೆ ಮ್ಯಾನ್ಸ್ 24 ಗಂಟೆಗಳ ರೇಸ್ ಜೂನ್ ಬಿಟ್ಟು ಸೆಪ್ಟೆಂಬರಿಗೆ ಹೋಯಿತು. ಗೆದ್ದದ್ದು 9ನೇ ನಂಬರಿನ ಗಲ್ಫ್ ಫೋರ್ಡ್ ಜಿಟಿ40. ಪೆಡ್ರೊ ರೋಡ್ರಿಗಸ್, ಲೂಸಿಯನ್ ಬಿಯಾಂಕಿ ಅದರ ಚಾಲಕರು. ಮರುವರ್ಷ ಅದೇ ಕಾರು, 1075 ಎಂಬ ಅದೇ ಛಾಸಿ, 6ನೇ ನಂಬರ್ ಹಾಕಿಕೊಂಡು ಮತ್ತೆ ಬಂತು. ಆಗಿನ ಪದ್ಧತಿಯಂತೆ ಚಾಲಕರು ರಸ್ತೆಯ ಒಂದು ಬದಿಯಿಂದ ಓಡಿ ಬಂದು ಕಾರು ಹತ್ತಿ ಹೊರಡಬೇಕು. ಆ ಅವಸರದಲ್ಲಿ ಯಾರೂ ಬೆಲ್ಟ್ ಸರಿಯಾಗಿ ಕಟ್ಟುವುದಿಲ್ಲ, ಇದು ಅಪಾಯ ಎಂದು ಪ್ರತಿಭಟಿಸಿ ಇಕ್ಸ್ ನಿಧಾನವಾಗಿ ನಡೆದು ಬಂದರು. ಬೆಲ್ಟ್ ಕಟ್ಟಿಕೊಂಡು ಎಲ್ಲರ ಹಿಂದೆ ಹೊರಟರು. 24 ಗಂಟೆ ಕಳೆದ ಮೇಲೆ ಪೋರ್ಷೆ 908ಕ್ಕಿಂತ ಸುಮಾರು 120 ಮೀಟರ್ ಮುಂದೆ ನಿಂತು ಗೆದ್ದರು. ಮುಂದಿನ ವರ್ಷದಿಂದ ಆ ಓಡುವ ಪದ್ಧತಿಯೇ ಹೋಯಿತು.

ಮೇಜಿನ ಮೇಲೆ 6ನೇ ನಂಬರಿನ ಜಿಟಿ40 ಇಟ್ಟುಕೊಂಡವನಿಗೆ ಇಷ್ಟು ಗೊತ್ತಿರಲೇಬೇಕು. ಗೊತ್ತಿದ್ದರೆ ಆ ಪುಟ್ಟ ಕಾರಿನ ಬೆಲೆ ನಿಮ್ಮ ಪಾಲಿಗೆ ಹತ್ತು ಪಟ್ಟು.

3. ಹೆಸರು ಕೇಳಿ ಮರುಳಾಗಬೇಡಿ, ನಂಬರ್ ನೋಡಿ

ಮಾರುವವರು ‘ಗಲ್ಫ್ ಪೋರ್ಷೆ 917, ಲೆ ಮ್ಯಾನ್ಸ್ ವಿನ್ನರ್’ ಎಂದು ಬರೆದಿರುತ್ತಾರೆ. ತಕ್ಷಣ ನಿಲ್ಲಿ. ಗಲ್ಫ್ ಬಣ್ಣದ 917 ಲೆ ಮ್ಯಾನ್ಸ್ ಗೆದ್ದೇ ಇಲ್ಲ. 1970ರಲ್ಲಿ ವಯರ್ ತಂಡದ ಮೂರೂ ಗಲ್ಫ್ ಕಾರುಗಳು ರೇಸ್ ಮುಗಿಸಲಿಲ್ಲ. ಗೆದ್ದದ್ದು ಕೆಂಪು–ಬಿಳಿಯ 23ನೇ ನಂಬರ್. 1971ರಲ್ಲಿ ಗೆದ್ದದ್ದು ಮಾರ್ಟಿನಿ ಲಿವರಿಯ 22ನೇ ನಂಬರ್, ಹೆಲ್ಮುಟ್ ಮಾರ್ಕೊ ಮತ್ತು ಖೈಸ್ ವಾನ್ ಲೆನೆಪ್ ಓಡಿಸಿದ್ದು. ಗಲ್ಫ್‌ನ 19ನೇ ನಂಬರ್ ಎರಡನೆಯದಾಗಿ ಬಂತು.

ಈ ಗೊಂದಲದ ಮೂಲ ಒಂದು ಸಿನಿಮಾ. 1971ರ ‘ಲೆ ಮ್ಯಾನ್ಸ್’ ಚಿತ್ರದಲ್ಲಿ ಸ್ಟೀವ್ ಮೆಕ್ವೀನ್ 20ನೇ ನಂಬರಿನ ಗಲ್ಫ್ 917 ಓಡಿಸುತ್ತಾನೆ, ಕೊನೆಗೆ ಅವನದೇ ತಂಡದ ಇನ್ನೊಂದು ಗಲ್ಫ್ ಕಾರು ಗೆಲ್ಲುತ್ತದೆ. ಪರದೆಯ ಗೆಲುವನ್ನು ಜನ ನಿಜದ ಗೆಲುವೆಂದು ತಿಳಿದರು. ಹಾಗೆಂದು 917 ಬಡ ಕಾರೇನಲ್ಲ. 1970 ಮತ್ತು 1971, ಎರಡೂ ವರ್ಷ ಡೇಟೋನಾ 24 ಗಂಟೆಗಳ ರೇಸನ್ನು ಗಲ್ಫ್ 917 ಗೆದ್ದಿತು. ಹಾಗಾಗಿ 20ನೇ ನಂಬರ್ ಕೊಳ್ಳಿ, ಸಿನಿಮಾದ ಕಾರೆಂದು ತಿಳಿದೇ ಕೊಳ್ಳಿ. ‘ವಿನ್ನರ್’ ಎಂಬ ಪದಕ್ಕೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಇನ್ನೊಂದು ಎಚ್ಚರ. ಯಾವ ರೇಸಿನಲ್ಲೂ ಓಡದ ಕಾರುಗಳಿಗೆ ಗಲ್ಫ್ ಬಣ್ಣ ಬಳಿದು ಮಾರುವುದು ಈಗ ಸಾಮಾನ್ಯ. ವ್ಯಾನ್, ಪಿಕಪ್, ಬಸ್ಸಿಗೂ ಆ ಪಟ್ಟೆ ಬಂದಿದೆ. ನೋಡಲು ಚೆಂದ, ತಪ್ಪೇನಿಲ್ಲ. ಆದರೆ ವರ್ಷ, ರೇಸ್, ನಂಬರ್, ಚಾಲಕ ಈ ನಾಲ್ಕೂ ಹೇಳಲಾಗದ ಕಾರು ನಿಮ್ಮ ಕಲೆಕ್ಷನ್‌ಗೆ ಬೇಡ. ನಿಯಮ ಬಿಗಿಯಾಗಿರಲಿ, ಸೋಲುವ ಮಾತೇ ಇಲ್ಲ.

4. ಸ್ಕೇಲಿನ ಲೆಕ್ಕ ಬೆರಳ ತುದಿಯಲ್ಲಿರಲಿ

ಹೈಸ್ಕೂಲಿನ ಅನುಪಾತ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಜಿಟಿ40ರ ಎತ್ತರ ಸುಮಾರು 40 ಇಂಚು. ಹೆಸರಿನಲ್ಲಿರುವ 40 ಅದೇ. ಅಂದರೆ 1016 ಮಿಲಿಮೀಟರ್. 1:18 ಸ್ಕೇಲಿಗೆ 18ರಿಂದ ಭಾಗಿಸಿದರೆ 56 ಮಿ.ಮೀ., 1:43ಕ್ಕೆ 43ರಿಂದ ಭಾಗಿಸಿದರೆ ಹತ್ತಿರ ಹತ್ತಿರ 24, 1:64ಕ್ಕೆ 64ರಿಂದ ಭಾಗಿಸಿದರೆ 16. ಸ್ಕೂಲ್ ಸ್ಕೇಲ್ ಹಿಡಿದು ಅಳೆಯಿರಿ. 1:43 ಎಂದು ಬರೆದ ಜಿಟಿ40 ಮೂವತ್ತು ಮಿ.ಮೀ. ಎತ್ತರ ಬಂದರೆ ಅದು ಆಟಿಕೆ, ಮಾಡೆಲ್ ಅಲ್ಲ.

ಹಾಟ್ ವೀಲ್ಸ್ ಥರದ ಮೂರಿಂಚಿನ ಕಾರುಗಳನ್ನು ಎಲ್ಲರೂ 1:64 ಎನ್ನುತ್ತಾರೆ. ವಾಸ್ತವದಲ್ಲಿ ಪ್ಯಾಕೆಟ್ಟಿಗೆ ಹೊಂದುವಂತೆ ಅಳತೆ ಹೆಚ್ಚುಕಡಿಮೆ ಮಾಡಿರುತ್ತಾರೆ. ಶುರುವಿಗೆ ಅವು ಸಾಕು, ಬೆಲೆ ಕೈಗೆಟುಕುತ್ತದೆ. ಆದರೆ ಕಣ್ಣು ಪಳಗಿದ ಮೇಲೆ 1:43ಕ್ಕೆ ಬನ್ನಿ. ರೇಸ್ ಕಾರ್ ಕಲೆಕ್ಟರುಗಳ ಮುಖ್ಯ ಸ್ಕೇಲ್ ಅದೇ. ಒಂದಡಿಗೆ ಏಳು ಮಿಲಿಮೀಟರ್ ಎಂಬ ಬ್ರಿಟಿಷ್ ಆಟಿಕೆ ರೈಲಿನ ಅಳತೆಯಿಂದ ಹುಟ್ಟಿದ್ದು. ಸ್ಪಾರ್ಕ್, ಮಿನಿಚಾಂಪ್ಸ್, ಇಕ್ಸೊ ಕಂಪನಿಗಳ ಲೆ ಮ್ಯಾನ್ಸ್ ಕಾರುಗಳು ಹೆಚ್ಚಾಗಿ ಈ ಅಳತೆಯಲ್ಲೇ ಸಿಗುತ್ತವೆ. ಬಾಡಿಗೆ ರೂಮಿನ ಒಂದು ಗೋಡೆ ಗೂಡಿನಲ್ಲಿ ಹತ್ತು ಕಾರು ಸಲೀಸಾಗಿ ನಿಲ್ಲುತ್ತವೆ. 1:18ಕ್ಕೆ ಕೈ ಹಾಕುವ ಮುನ್ನ ಮನೆ ದೊಡ್ಡದು ಮಾಡಿಕೊಳ್ಳಿ.

5. ಬಣ್ಣವನ್ನು ಅಂಚಿನಿಂದ ಓದಿ

ಇದರಲ್ಲಿ ಮೊಳಕಾಲ್ಮುರಿನವರು ಎಲ್ಲರಿಗಿಂತ ಮುಂದೆ ಇರಬೇಕು, ಇರಲು ಕಾರಣವೂ ಇದೆ. 2011ರಲ್ಲಿ ಜಿಐ ಮಾನ್ಯತೆ ಪಡೆದ ನಿಮ್ಮೂರ ರೇಷ್ಮೆ ಸೀರೆಯನ್ನು ಮಗ್ಗದ ಮನೆಯ ಹಿರಿಯರು ಹೇಗೆ ನೋಡುತ್ತಾರೆ ಗಮನಿಸಿ. ಸೆರಗನ್ನು ಬಿಡಿಸಿ ಮೆಚ್ಚುವ ಮೊದಲು ಒಡಲಿನ ಬಣ್ಣ ಅಂಚನ್ನು ಸೇರುವ ಗೆರೆಗೆ ಬೆರಳಿಡುತ್ತಾರೆ. ಗೆರೆ ನೇರವಾಗಿದೆಯೇ, ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿದೆಯೇ ಎಂದು ನೋಡುತ್ತಾರೆ. ಮಾಡೆಲ್ ಕಾರನ್ನೂ ಹಾಗೆಯೇ ನೋಡಿ.

ಫೋನಿನ ಟಾರ್ಚ್ ಹಾಕಿ, ಒಂದು ಭೂತಗನ್ನಡಿ ಹಿಡಿಯಿರಿ. ಜಿಟಿ40ರಲ್ಲಿ ಕಿತ್ತಳೆ ಪಟ್ಟೆಯ ಎರಡೂ ಬದಿಗೆ ಕಡುನೀಲಿಯ ಸಣ್ಣ ಎಳೆ ಇರುತ್ತದೆ. ಅಗ್ಗದ ಮಾಡೆಲ್‌ನಲ್ಲಿ ಮೊದಲು ಮಾಯವಾಗುವುದು ಆ ಎಳೆ. ಇಲ್ಲವೇ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ ಬಂದಿರುತ್ತದೆ. ಪಟ್ಟೆ ಮೂತಿಯ ಮೇಲಿಂದ ಬಂದು ಬಾಗಿಲು, ಬಾನೆಟ್ಟಿನ ಸಂದು ದಾಟುವಾಗ ಆಚೆ ಈಚೆ ಸರಿದಿದೆಯೇ ನೋಡಿ. ಗಲ್ಫ್ ಬಿಲ್ಲೆಯಲ್ಲಿ ಅಕ್ಷರ ಕಡುನೀಲಿ ಇರಬೇಕು, ಕಪ್ಪಲ್ಲ. ತಿಳಿನೀಲಿಯ ಛಾಯೆಯಲ್ಲೂ ಕಂಪನಿಗೊಂದು ತರಹ ವ್ಯತ್ಯಾಸ ಇದ್ದೇ ಇರುತ್ತದೆ. ಒಂದು ಹಸಿರಿಗೆ ವಾಲುತ್ತದೆ, ಇನ್ನೊಂದು ಬೂದಿಗೆ. ರೇಸ್ ದಿನದ ಬಣ್ಣದ ಫೋಟೊ ಪಕ್ಕದಲ್ಲಿಟ್ಟು ಬೆಳಗಿನ ಬಿಸಿಲಲ್ಲಿ ಹೋಲಿಸಿ. ಟ್ಯೂಬ್‌ಲೈಟ್ ಬೆಳಕಿನಲ್ಲಿ ತೀರ್ಮಾನ ಮಾಡಬೇಡಿ.

ಮುದ್ರಣ ಮತ್ತು ಸ್ಟಿಕ್ಕರಿನ ವ್ಯತ್ಯಾಸವನ್ನೂ ಕಲಿಯಿರಿ. ನೀರಿನಲ್ಲಿ ನೆನೆಸಿ ಅಂಟಿಸುವ ಡಿಕಾಲ್‌ಗೆ ಅಂಚಿನಲ್ಲಿ ಪಾರದರ್ಶಕ ಪೊರೆ ಕಾಣುತ್ತದೆ. ವರ್ಷ ಕಳೆದಂತೆ ಅದು ಹಳದಿಯಾಗಬಹುದು, ಏಳಬಹುದು. ಪ್ಯಾಡ್ ಪ್ರಿಂಟ್ ನೇರವಾಗಿ ಮೈಮೇಲೆ ಕೂತಿರುತ್ತದೆ. ಹಳೆ ಮಾಡೆಲ್ ಕೊಳ್ಳುವಾಗ ಇದನ್ನು ಕೇಳಿಯೇ ಕೊಳ್ಳಿ.

6. ಬಜೆಟ್‌ಗೆ ಬೇಲಿ ಹಾಕಿ

ಹಾಸಿಗೆ ನೋಡಿ ಕಾಲು ಚಾಚಿ. ತಿಂಗಳ ಉಳಿತಾಯದ ಒಂದು ಸಣ್ಣ ಪಾಲನ್ನು ಇದಕ್ಕೆಂದೇ ಬೇರೆ ಖಾತೆಯಲ್ಲಿಡಿ. ಅದು ಮುಗಿದರೆ ಆ ತಿಂಗಳು ಖರೀದಿ ಇಲ್ಲ. ಇಎಂಐ ಬೇಡ, ಕ್ರೆಡಿಟ್ ಕಾರ್ಡ್ ಬೇಡ, ಗೆಳೆಯನ ಹತ್ತಿರ ಕೈಗಡ ಬೇಡ. ಫೀಸಿನ ದುಡ್ಡಿಗೆ ಕೈ ಹಾಕುವ ಮಾತೇ ಬೇಡ.

ವಿದೇಶದಿಂದ ತರಿಸುವ ಮುನ್ನ ಸುಂಕದ ಲೆಕ್ಕ ಹಾಕಿ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. 2021ರ ಜನವರಿಯಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತೂ ಕಡ್ಡಾಯ. ಪರದೆಯ ಮೇಲೆ ಕಾಣುವ ಡಾಲರ್ ಬೆಲೆ ನೋಡಿ ಹಿಗ್ಗಿದವರು ಪಾರ್ಸೆಲ್ ಬಂದಾಗ ಕೈ ಸುಟ್ಟುಕೊಳ್ಳುತ್ತಾರೆ. ದೇಶದೊಳಗೆ ಅಧಿಕೃತವಾಗಿ ತರಿಸಿ ಮಾರುವವರ ಹತ್ತಿರ ಕೊಂಡರೆ ಎಷ್ಟೋ ಸಲ ಅದೇ ಅಗ್ಗ.

ಹರಾಜಿನಲ್ಲಿ ಕೂಗುವ ಮೊದಲು ಗರಿಷ್ಠ ಮೊತ್ತವನ್ನು ಕಾಗದದ ಮೇಲೆ ಬರೆದಿಡಿ. ನಾಯಕನಹಟ್ಟಿ ತೇರಿನ ದಿನ ಮುಕ್ತಿ ಬಾವುಟದ ಹರಾಜು ಲಕ್ಷಗಳಿಗೆ ಹೋಗುತ್ತದೆ. ಅಲ್ಲಿ ಕೂಗುವವರದು ತಿಪ್ಪೇರುದ್ರಸ್ವಾಮಿಯ ಮೇಲಿನ ಭಕ್ತಿ, ಅದಕ್ಕೆ ಲೆಕ್ಕ ಇಡುವಂತಿಲ್ಲ. ಮಾಡೆಲ್ ಕಾರಿಗೆ ಲೆಕ್ಕ ಇಡಲೇಬೇಕು.

7. ದುಡ್ಡು ಕಳಿಸುವ ಮುನ್ನ ವಿಡಿಯೊ ಕೇಳಿ

ಕಾರಿನ ಪಕ್ಕದಲ್ಲಿ ಇವತ್ತಿನ ತಾರೀಕು ಬರೆದ ಚೀಟಿ ಇಟ್ಟು ವಿಡಿಯೊ ಮಾಡಿ ಕಳಿಸಲು ಹೇಳಿ. ಕಾರು ನಿಜವಾಗಿ ಕೈಯಲ್ಲಿರುವವನು ಎರಡು ನಿಮಿಷದಲ್ಲಿ ಕಳಿಸುತ್ತಾನೆ. ಇಲ್ಲದವನು ನೆಪ ಹೇಳುತ್ತಾನೆ. ‘ಬೇಗ ಹಾಕಿ, ಇನ್ನೊಬ್ಬರು ಕಾಯ್ತಿದ್ದಾರೆ’ ಎಂದರೆ ಅಲ್ಲಿಗೇ ಮಾತು ಮುಗಿಸಿ. ಪಾರ್ಸೆಲ್ ಬಂದಾಗ ಟೇಪ್ ಕತ್ತರಿಸುವ ಮೊದಲೇ ನಿಮ್ಮ ಕ್ಯಾಮೆರಾ ಆನ್ ಆಗಿರಲಿ. ಕನ್ನಡಿ ಮುರಿದಿದ್ದರೆ ಅದೇ ನಿಮ್ಮ ಸಾಕ್ಷಿ. ಮೋಸವಾದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಸೈಬರ್ ಅಪರಾಧದ ಸಹಾಯವಾಣಿ ಅದು. ಬೇಗ ತಿಳಿಸಿದಷ್ಟು ದುಡ್ಡು ತಡೆಹಿಡಿಯುವ ಸಾಧ್ಯತೆ ಹೆಚ್ಚು.

8. ನಮ್ಮೂರ ಹವೆಗೆ ತಕ್ಕಂತೆ ಕಾಪಾಡಿ

ಬೇರೆ ದೇಶದವರ ಸಲಹೆ ಇಲ್ಲಿ ಪೂರ್ತಿ ನಡೆಯುವುದಿಲ್ಲ. ನಮ್ಮದು ಒಣ ಸೀಮೆ, ಮಳೆ ಕಮ್ಮಿ. ಇದರಲ್ಲಿ ಒಂದು ಲಾಭವೂ ಇದೆ. ಡೈಕಾಸ್ಟ್ ಕಾರುಗಳು ಸತುವಿನ ಮಿಶ್ರಲೋಹದಲ್ಲಿ ಆಗುತ್ತವೆ. ಎರಕದಲ್ಲಿ ಸೀಸದ ಕಲಬೆರಕೆ ಸೇರಿದ್ದರೆ ವರ್ಷಗಳ ಮೇಲೆ ಲೋಹ ಬಿರುಕು ಬಿಟ್ಟು ಪುಡಿಯಾಗುತ್ತದೆ, ಅದಕ್ಕೆ ಮದ್ದಿಲ್ಲ. ತೇವ ಇದ್ದಷ್ಟು ಆ ರೋಗ ಬೇಗ ಹಬ್ಬುತ್ತದೆ. ಕರಾವಳಿಯವರಿಗಿಂತ ಈ ವಿಷಯದಲ್ಲಿ ನೀವು ಅದೃಷ್ಟವಂತರು.

ನಿಮ್ಮ ಶತ್ರುಗಳು ಶಾಖ ಮತ್ತು ದೂಳು. ರೆಸಿನ್ ಮಾಡೆಲ್ ಬಿಸಿಗೆ ಡೊಂಕಾಗುತ್ತದೆ. ಏಪ್ರಿಲ್‌ನಲ್ಲಿ ಶೀಟಿನ ಮನೆಯ ಅಟ್ಟದ ಮೇಲೆ ಅದನ್ನು ಇಡಲೇಬೇಡಿ. ಕೆಳಗಿನ ಗೂಡು, ಒಳಗೋಡೆ, ಕಿಟಕಿಯಿಂದ ದೂರ. ಬಿಸಿಲು ನೇರ ಬಿದ್ದರೆ ಕಿತ್ತಳೆ ಪಟ್ಟೆ ಮಂಕಾಗುತ್ತದೆ. ಮುಚ್ಚಿದ ಗಾಜಿನ ಪೆಟ್ಟಿಗೆ ಮಾಡಿಸಿ. ಊರಿನ ಗಾಜಿನಂಗಡಿಯವರೇ ಅಳತೆಗೆ ಕತ್ತರಿಸಿ ಕೊಡುತ್ತಾರೆ, ಆನ್‌ಲೈನ್ ಕೇಸಿಗಿಂತ ಗಟ್ಟಿ. ದೂಳನ್ನು ಬಟ್ಟೆಯಲ್ಲಿ ಒರೆಸಬೇಡಿ, ಗೀರು ಬೀಳುತ್ತದೆ. ಮೇಕಪ್‌ನ ಮೆತ್ತನೆ ಬ್ರಷ್ ಸಾಕು. ರಬ್ಬರ್ ಟೈರು ಪ್ಲಾಸ್ಟಿಕ್ ಪೀಠಕ್ಕೆ ವರ್ಷಾನುಗಟ್ಟಲೆ ಒತ್ತಿ ನಿಂತರೆ ಎರಡೂ ಕರಗಿ ಅಂಟಿಕೊಳ್ಳುವುದುಂಟು. ಛಾಸಿಯ ಅಡಿಗೆ ಒಂದು ಸಣ್ಣ ಆಸರೆ ಕೊಟ್ಟು ಚಕ್ರವನ್ನು ಕೂದಲೆಳೆಯಷ್ಟು ಎತ್ತಿಡಿ. ಮಂಡಕ್ಕಿ–ಮೆಣಸಿನಕಾಯಿ ತಿಂದ ಕೈಯಲ್ಲಿ ಮುಟ್ಟಬೇಡಿ. ಎಣ್ಣೆ ಜಿಡ್ಡು ಡಿಕಾಲ್‌ಗೆ ವಿಷ.

9. ಎಕ್ಸೆಲ್ ಶೀಟ್ ಇಡಿ

ಸ್ಕೇಲ್, ತಯಾರಕ, ನಂಬರ್, ರೇಸ್, ವರ್ಷ, ಕೊಂಡ ಬೆಲೆ, ಕೊಂಡ ದಿನ, ಡಬ್ಬಿಯ ಸ್ಥಿತಿ. ಎಂಟು ಕಾಲಂ ಸಾಕು. ಡಬ್ಬಿ ಎಸೆಯಬೇಡಿ; ಮರುಮಾರಾಟದಲ್ಲಿ ಡಬ್ಬಿಗೂ ಬೆಲೆ ಇದೆ. ಶೀಟ್ ಇದ್ದವನು ಒಂದೇ ಕಾರನ್ನು ಎರಡು ಸಲ ಕೊಳ್ಳುವುದಿಲ್ಲ. ಫಿಲ್ಟರ್, ಪಿವೋಟ್ ಟೇಬಲ್ ಕೈಗೆ ಹತ್ತುವುದು ಬೋನಸ್, ನಾಳೆ ಆಫೀಸಿನಲ್ಲಿ ಅದೇ ಕೇಳುತ್ತಾರೆ.

10. ಫೋಟೊ ತೆಗೆಯಲು ಊರಾಚೆ ಹೋಗಿ

ದೊಡ್ಡ ಊರಿನ ಕಲೆಕ್ಟರುಗಳು ರೂಮಿನಲ್ಲಿ ಕೃತಕ ರಸ್ತೆ ಮಾಡಿ ಫೋಟೊ ತೆಗೆಯುತ್ತಾರೆ. ನಿಮಗೆ ಆ ಕಷ್ಟ ಯಾಕೆ? ಚಳ್ಳಕೆರೆಯಿಂದ ಸ್ವಲ್ಪ ಆಚೆ ಹೋದರೆ ಕಾವಲಿನ ಬಯಲು, ದೃಷ್ಟಿ ಹರಿಯುವಷ್ಟು ದೂರ ತೆರೆದ ಬಾನು. ಲೆ ಮ್ಯಾನ್ಸ್‌ನ ಮುಲ್ಸಾನ್ ರಸ್ತೆ ಆಗ ಸುಮಾರು ಆರು ಕಿಲೊಮೀಟರ್ ಒಂದೇ ನೇರ ಇತ್ತು. 1990ರಲ್ಲಷ್ಟೇ ನಡುವೆ ತಿರುವು ಹಾಕಿದರು. ಆ ನೇರದ ಭಾವ ತರಲು ಬಯಲಿನ ದಿಗಂತಕ್ಕಿಂತ ಒಳ್ಳೆಯ ಹಿನ್ನೆಲೆ ಸಿಗದು. ಕ್ಯಾಮೆರಾವನ್ನು ನೆಲಕ್ಕೆ ತಾಗಿಸಿ, ಕಾರಿನ ಹೆಡ್‌ಲೈಟ್ ಮಟ್ಟಕ್ಕೆ ಇಳಿಸಿ. ಮೇಲಿನಿಂದ ತೆಗೆದರೆ ಆಟಿಕೆ ಕಾಣುತ್ತದೆ, ಕೆಳಗಿನಿಂದ ತೆಗೆದರೆ ರೇಸ್ ಕಾರು.

ಮೊಳಕಾಲ್ಮುರು ಕಡೆಯವರಿಗೆ ಬಂಡೆಗಳ ಸಿರಿ ಇದೆ. ಇಳಿಹೊತ್ತಿನ ಬಿಸಿಲಿಗೆ ಕೆಂಪಾದ ಕಲ್ಲಿನ ಮುಂದೆ ತಿಳಿನೀಲಿ ಎದ್ದು ನಿಲ್ಲುತ್ತದೆ. ಒಂದು ವಿಷಯ ಮಾತ್ರ ಕಟ್ಟುನಿಟ್ಟು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ; 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಶಾಸನದ ಬಂಡೆಯ ಮೇಲೆ ಕಾರಲ್ಲ, ಕೈ ಕೂಡ ಇಡಬೇಡಿ. ಎರಡು ಸಾವಿರ ವರ್ಷಕ್ಕೂ ಹಳೆಯ ಅಕ್ಷರ ಅದು, ನಮ್ಮ ತಾಲ್ಲೂಕಿನ ಹೆಮ್ಮೆ. ಫೋಟೊಗೆ ಬೇರೆ ಬಂಡೆ ಸಾವಿರ ಇವೆ.

11. ಇಂಟರ್ವ್ಯೂನಲ್ಲಿ ಇದನ್ನೇ ಮಾತಾಡಿ

ಇದು ಬಹಳ ಮುಖ್ಯ, ನಿಧಾನವಾಗಿ ಓದಿ. ‘ನಿಮ್ಮ ಹವ್ಯಾಸವೇನು?’ ಎಂದು ಕೇಳಿದಾಗ ನೂರಕ್ಕೆ ತೊಂಬತ್ತು ಜನ ‘ಹಾಡು ಕೇಳುವುದು, ಕ್ರಿಕೆಟ್ ನೋಡುವುದು’ ಎನ್ನುತ್ತಾರೆ. ಎದುರಿಗಿರುವವರು ತಲೆ ಎತ್ತುವುದೂ ಇಲ್ಲ. ನೀವು ಎರಡು ನಿಮಿಷದ ಒಂದು ಗಟ್ಟಿ ಕಥೆ ಹೇಳಿ.

ಉದಾಹರಣೆಗೆ ಇದನ್ನು. 1969ರಲ್ಲಿ ಪೋರ್ಷೆ 917 ಹೊಸದಾಗಿ ಬಂದಾಗ ಅದು ಭಯಂಕರ ವೇಗದ, ಅಷ್ಟೇ ಭಯಂಕರ ಅಸ್ಥಿರ ಕಾರು. ನೇರ ರಸ್ತೆಯಲ್ಲೂ ಬಾಲ ಓಲಾಡುತ್ತಿತ್ತು. ಅನುಭವಿ ಚಾಲಕರೇ ಹೆದರುತ್ತಿದ್ದರು. ಆ ವರ್ಷದ ಅಕ್ಟೋಬರಿನಲ್ಲಿ ಆಸ್ಟ್ರಿಯಾದ ಟ್ರ್ಯಾಕ್‌ನಲ್ಲಿ ಟೆಸ್ಟ್ ನಡೆಯಿತು. ವಯರ್ ತಂಡದ ಎಂಜಿನಿಯರ್ ಜಾನ್ ಹಾರ್ಸ್‌ಮನ್ ಕಾರಿನ ಸುತ್ತ ನಡೆದು ನೋಡಿದರು. ಮೂತಿಯ ತುಂಬ ಸತ್ತ ಹುಳುಗಳು ಮೆತ್ತಿಕೊಂಡಿದ್ದವು, ಬಾಲದ ರೆಕ್ಕೆಗಳ ಮೇಲೆ ಒಂದೂ ಇರಲಿಲ್ಲ. ಅಂದರೆ ಗಾಳಿ ಬಾಲವನ್ನು ಮುಟ್ಟುತ್ತಲೇ ಇಲ್ಲ. ಮುಟ್ಟದ ಗಾಳಿ ಕಾರನ್ನು ನೆಲಕ್ಕೆ ಒತ್ತುವುದಾದರೂ ಹೇಗೆ? ಅಲ್ಲೇ ಅಲ್ಯೂಮಿನಿಯಂ ತಗಡು ಕತ್ತರಿಸಿ, ಹಿಂಭಾಗವನ್ನು ಮೇಲಕ್ಕೇರಿಸಿ, ಗಿಡ್ಡ ಬಾಲ ಮಾಡಿ ಕೂರಿಸಿದರು. ಕಾರು ಹಿಡಿತಕ್ಕೆ ಬಂತು. ಗಲ್ಫ್ ಬಣ್ಣದಲ್ಲಿ ಜಗತ್ತು ಗುರುತಿಸುವ 917ಕೆ ಆದದ್ದು ಹೀಗೆ.

ಈ ಕಥೆಯಲ್ಲಿ ಗಮನಿಸುವ ಕಣ್ಣಿದೆ, ಕಾರಣ ಹುಡುಕುವ ತಲೆ ಇದೆ, ಕೈಗೆ ಸಿಕ್ಕದ್ದರಲ್ಲಿ ಪರಿಹಾರ ಮಾಡುವ ಧೈರ್ಯ ಇದೆ. ಯಾವ ಕಂಪನಿಯೂ ಹುಡುಕುವುದು ಇಂಥವರನ್ನೇ. ಜೇಬಿನಿಂದ 1:43ರ 917 ತೆಗೆದು ಮೇಜಿನ ಮೇಲಿಟ್ಟು, ಬಾಲದ ಮೇಲೆ ಬೆರಳು ತೋರಿಸಿ ವಿವರಿಸಿ. ಇಂಗ್ಲಿಷಿನಲ್ಲಿ ಹೇಳಬೇಕೆಂದರೆ ವಾರಗಟ್ಟಲೆ ಕನ್ನಡಿ ಮುಂದೆ ಅಭ್ಯಾಸ ಮಾಡಿ. ಇಷ್ಟಪಟ್ಟ ವಿಷಯಕ್ಕೆ ಪದ ಬೇಗ ಕೂಡಿಬರುತ್ತವೆ. ನಿಮ್ಮ ಊರ ಪಕ್ಕದಲ್ಲೇ ಡಿಆರ್‌ಡಿಒದ ಏರೋನಾಟಿಕಲ್ ಟೆಸ್ಟ್ ರೇಂಜ್ ಇದೆ, ಕುದಾಪುರದಲ್ಲಿ ಐಐಎಸ್‌ಸಿ ಕ್ಯಾಂಪಸ್ ಇದೆ. ಟೆಸ್ಟ್ ರೇಂಜ್‌ನಲ್ಲಿ ಗಾಳಿ ಮತ್ತು ರೆಕ್ಕೆಯ ಲೆಕ್ಕ ದಿನದ ಕೆಲಸ. ಅಲ್ಲಿಗೆ ಹೋಗುವ ಕನಸು ಕಾಣುವ ಡಿಪ್ಲೊಮಾ, ಬಿಇ ಹುಡುಗ ಹುಡುಗಿಯರು ಈ ಪಾಯಿಂಟನ್ನು ಎರಡು ಸಲ ಓದಲಿ.

12. ಮೊದಲ ಆರು ಕಾರು ಇವೇ ಇರಲಿ

ಎಲ್ಲಿಂದ ಶುರು ಮಾಡಲಿ ಎಂದು ತಿಂಗಳುಗಟ್ಟಲೆ ಯೋಚಿಸುತ್ತ ಕೂರಬೇಡಿ. ನನ್ನ ಕ್ರಮ ಇದು.

ಮೊದಲು 1969ರ ಜಿಟಿ40, ನಂಬರ್ 6. ಇದಿಲ್ಲದೆ ಗಲ್ಫ್ ಕಲೆಕ್ಷನ್ ಇಲ್ಲ. ಆಮೇಲೆ ಸಿನಿಮಾ ನಂಬರ್ 20ರ 917ಕೆ. ಮೂರನೆಯದು 1975ರ ಮಿರಾಜ್ ಜಿಆರ್8, ನಂಬರ್ 11. ಇಕ್ಸ್ ಮತ್ತು ಡೆರೆಕ್ ಬೆಲ್ ಅದರಲ್ಲಿ ಲೆ ಮ್ಯಾನ್ಸ್ ಗೆದ್ದರು. ಇದನ್ನು ಜನ ಮರೆಯುತ್ತಾರೆ, ಹಾಗಾಗಿ ಬೆಲೆಯೂ ಕೆಲವೊಮ್ಮೆ ಇಳಿದಿರುತ್ತದೆ, ಕಂಡರೆ ಬಿಡಬೇಡಿ. ನಾಲ್ಕನೆಯದು 1997ರ ಮೆಕ್ಲಾರೆನ್ ಎಫ್1 ಜಿಟಿಆರ್, ನಂಬರ್ 41. ಅದು ಲೆ ಮ್ಯಾನ್ಸ್‌ನಲ್ಲಿ ಒಟ್ಟಾರೆ ಎರಡನೆಯದು, ತನ್ನ ಜಿಟಿ1 ವರ್ಗದಲ್ಲಿ ಮೊದಲನೆಯದು. ಐದನೆಯದು 2008ರ ಆಸ್ಟನ್ ಮಾರ್ಟಿನ್ ಡಿಬಿಆರ್9, ನಂಬರ್ 009. ಅದೂ ಜಿಟಿ1 ವರ್ಗ ಗೆದ್ದ ಕಾರು. ಆರನೆಯದಕ್ಕೆ 2021ರ ಮೊನಾಕೊ ಗ್ರ್ಯಾಂಡ್ ಪ್ರಿಗೆ ಬನ್ನಿ. ಆ ಒಂದು ರೇಸಿಗೆಂದೇ ಮೆಕ್ಲಾರೆನ್ ಫಾರ್ಮುಲಾ ಒನ್ ತಂಡ ತನ್ನ ಕಾರುಗಳಿಗೆ ತಿಳಿನೀಲಿ–ಕಿತ್ತಳೆ ಬಳಿಯಿತು, ಲ್ಯಾಂಡೊ ನಾರಿಸ್ ಮೂರನೆಯವರಾಗಿ ಬಂದರು. ಈ ಕಾರಿಗೆ ಬೇಡಿಕೆ ಜಾಸ್ತಿ, ನಕಲಿಯೂ ಜಾಸ್ತಿ. ಏಳನೇ ಸೂತ್ರ ನೆನಪಿರಲಿ.

ಆರೂ ಒಂದೇ ಸ್ಕೇಲಿನಲ್ಲಿರಲಿ. ಎರಡು ವರ್ಷ ಹಿಡಿದರೂ ಅಡ್ಡಿಯಿಲ್ಲ. ಹೆಚ್ಚು ದುಡ್ಡು ಬಂತೆಂದು ಕ್ರಮ ತಪ್ಪಿಸಬೇಡಿ, ಕಡಿಮೆ ಬಂತೆಂದು ನಿಲ್ಲಿಸಬೇಡಿ. ಇವತ್ತು ರಾತ್ರಿ ಊಟವಾದ ಮೇಲೆ ಶೀಟ್ ತೆರೆದು ಈ ಆರನ್ನೂ ಬರೆಯಿರಿ, ‘ಕೊಂಡ ದಿನ’ ಕಾಲಂ ಖಾಲಿ ಬಿಡಿ, ಮೊದಲನೆಯದರ ಮುಂದೆ ಒಂದು ಗಡುವು ಹಾಕಿ.